ಹೊಳೆಗೆ ಸೇತುವೆ, ಹೊಲಕ್ಕೆ ನಂಬರು

ದಾವಣಗೆರೆಯ ಅರುಣಾ ಟಾಕೀಸಿನ ಹತ್ತಿರ ನಿಂತು ಹರಿಹರಕ್ಕೆ ದಾರಿ ಕೇಳಿದರೆ ‘ಪಿ.ಬಿ. ರೋಡ್ ಹಿಡಿದು ಸೀದಾ ಹೋಗ್ರಿ’ ಎನ್ನುತ್ತಾರೆ. ಸೀದಾ ಹೋದರೆ ಹದಿನಾಲ್ಕು ಕಿಲೋಮೀಟರಿಗೆ ಹರಿಹರ, ಊರು ದಾಟಿದರೆ ತುಂಗಭದ್ರೆ, ಹೊಳೆ ದಾಟಿದರೆ ಕುಮಾರಪಟ್ಟಣ, ಅಂದರೆ ಹಾವೇರಿ ಜಿಲ್ಲೆ. ಈಗ ಹೆದ್ದಾರಿ ಊರ ಹೊರಗಿಂದಲೇ ಹಾದುಹೋಗುತ್ತದೆ. ಬೆಂಗಳೂರು–ಹುಬ್ಬಳ್ಳಿ ನಡುವೆ ಕಾರಿನಲ್ಲಿ ಓಡಾಡುವವರಿಗೆ ಹರಿಹರ ಅನ್ನುವುದು ಬರೀ ಹಸಿರು ಬೋರ್ಡು. ಆದರೆ ಪೂನಾ–ಬೆಂಗಳೂರು ರಸ್ತೆ ನಿಜಕ್ಕೂ ರಸ್ತೆ ಅನ್ನಿಸಿಕೊಂಡದ್ದು ಈ ಹೊಳೆಗೆ ಸೇತುವೆ ಬಿದ್ದ ಮೇಲೆ. ಅದು ಮುಗಿದದ್ದು 1868ರಲ್ಲಿ. ಕಲ್ಲು, ಇಟ್ಟಿಗೆಯ ಕಟ್ಟಡ. ತಲಾ 60 ಅಡಿಯ 14 ಕಮಾನುಗಳು. ಖರ್ಚು ಆ ಕಾಲದ ಸುಮಾರು 3 ಲಕ್ಷ ರೂಪಾಯಿ. ಆಗ ಮೈಸೂರು ಸೀಮೆಯ ಆಡಳಿತ ನಡೆಸುತ್ತಿದ್ದವನು ಲೆವಿನ್ ಬೆಂಥಮ್ ಬೌರಿಂಗ್ ಎಂಬ ಇಂಗ್ಲಿಷ್ ಕಮಿಷನರ್.

ಬೌರಿಂಗ್ ಅಂದರೆ ಬೆಂಗಳೂರಿನವರಿಗೆ ಒಂದು ಆಸ್ಪತ್ರೆ, ಒಂದು ಕ್ಲಬ್ಬು. ಕೋಲಾರದ ಹಿರಿಯರಿಗೆ ಬೌರಿಂಗ್‌ಪೇಟೆ. ಈಗಿನ ಬಂಗಾರಪೇಟೆ ಬಹುಕಾಲ ಆತನ ಹೆಸರನ್ನೇ ಹೊತ್ತಿತ್ತು. ನಮ್ಮ ದಾವಣಗೆರೆ–ಹರಿಹರದಲ್ಲಿ ಆತನ ಹೆಸರಿನ ಓಣಿಯಿಲ್ಲ, ವೃತ್ತವಿಲ್ಲ. ಹಾಗಂತ ಆತ ಇಲ್ಲಿ ಇಲ್ಲವೇ ಇಲ್ಲ ಅನ್ನುವಂತಿಲ್ಲ. ನಿಮ್ಮ ಪಹಣಿಯಲ್ಲಿ ಸರ್ವೆ ನಂಬರ್ ಇದೆಯಲ್ಲ, ಜಿಲ್ಲೆಗೊಬ್ಬ ಡಿ.ಸಿ. ಇದ್ದಾರಲ್ಲ, ಎರಡರ ಹಿಂದೆಯೂ ಈ ಮನುಷ್ಯನ ಎಂಟು ವರ್ಷದ ಆಡಳಿತವಿದೆ.

ಮೈಸೂರಿಗೆ ಇಂಗ್ಲಿಷ್ ಕಮಿಷನರ್ ಯಾಕೆ ಬಂದ ಅನ್ನುವುದು ನಮ್ಮ ಸೀಮೆಯ ಕತೆಯೇ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡುವುದಿಲ್ಲ ಅಂದರು. ಅಮಲ್ದಾರರ ಸುಲಿಗೆ, ಇಷ್ಟು ಹಣ ಎತ್ತಿಕೊಡುತ್ತೇವೆ ಎಂದು ಮೊದಲೇ ಒಪ್ಪಿಕೊಂಡ ಅಧಿಕಾರಿಗಳ ಶರ್ತಿ ಪದ್ಧತಿ, ಎಲ್ಲ ಸೇರಿ ಜನ ರೋಸಿಹೋಗಿದ್ದರು. ಬೂದಿ ಬಸವಪ್ಪ ತಾನೇ ಕೆಳದಿಯ ವಾರಸುದಾರ ಎಂದು ಎದ್ದು ನಿಂತ. ತರೀಕೆರೆಯ ಪಾಳೆಯಗಾರರು ಕೈಜೋಡಿಸಿದರು. ದಂಗೆ ಅಡಗಿದ ಮೇಲೆ, 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡ. ಸಿಂಹಾಸನ ಮೈಸೂರಿನಲ್ಲೇ ಉಳಿಯಿತು, ಖಜಾನೆ ಮತ್ತು ಕಚೇರಿ ಬೆಂಗಳೂರಿಗೆ ಹೋದವು. ಅಲ್ಲಿಂದ ಐವತ್ತು ವರ್ಷ ಮೈಸೂರಿಗೆ ರಾಜ ಒಬ್ಬ, ಆಳುವವನು ಇನ್ನೊಬ್ಬ.

ಆ ಐವತ್ತರಲ್ಲಿ ಇಪ್ಪತ್ತೇಳು ವರ್ಷ ಒಬ್ಬನದೇ, ಮಾರ್ಕ್ ಕಬ್ಬನ್‌ನದು. ಐಲ್ ಆಫ್ ಮ್ಯಾನ್ ಎಂಬ ದ್ವೀಪದ ಈ ಸೈನಿಕ 1834ರಿಂದ 1861ರವರೆಗೆ ಮೈಸೂರನ್ನು ತನ್ನ ಮನೆಯಂತೆ ನೋಡಿಕೊಂಡ. ಮದುವೆಯಾಗಲಿಲ್ಲ, ಊರಿಗೆ ಹೋಗಲಿಲ್ಲ, ಬೇಸಿಗೆಯಲ್ಲಿ ನಂದಿಬೆಟ್ಟಕ್ಕೆ ಹೋಗುತ್ತಿದ್ದ. ಈಗ ರಾಜಭವನವಾಗಿರುವ ಬೆಂಗಳೂರಿನ ಬಂಗಲೆ ಕಟ್ಟಿಸಿದವನು ಆತನೇ. ನೂರಾರು ಚಿಲ್ಲರೆ ತೆರಿಗೆಗಳನ್ನು ಕಿತ್ತುಹಾಕಿದ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ ಎನ್ನುವಂಥ ಕಾಲ ಅದು. ರಸ್ತೆಗಳನ್ನು ಹಾಕಿಸಿದ. ಆದರೆ ಆತನ ಆಡಳಿತ ಒಬ್ಬ ಯಜಮಾನನ ಆಡಳಿತ. ಹಳೆಯ ಸಿರಸ್ತೇದಾರರು, ಹಳೆಯ ಕಡತಗಳು, ಹಳೆಯ ರೂಢಿ; ಮೇಲೆ ಎಲ್ಲವನ್ನೂ ತಾನೇ ನೋಡುವ ಮುದುಕ. 1860ರಲ್ಲಿ ಮೈಸೂರನ್ನು ಮದರಾಸಿನ ಕೈಕೆಳಗೆ ಹಾಕುವ ಹುಕುಂ ಬಂದಾಗ ರಾಜೀನಾಮೆ ಎಸೆದ. ಮುಮ್ಮಡಿಯವರೂ ಆಕ್ಷೇಪ ಎತ್ತಿದರು, ಹುಕುಂ ವಾಪಸಾಯಿತು. ಮರುವರ್ಷ ನಿವೃತ್ತನಾಗಿ ಊರಿಗೆ ಹೊರಟವನು ಸೂಯೆಜ್‌ನಲ್ಲೇ ತೀರಿಕೊಂಡ.

ಇಂಥವನ ಕುರ್ಚಿಗೆ 1862ರಲ್ಲಿ ಬಂದವನು ಬೌರಿಂಗ್. ವಯಸ್ಸು ಮೂವತ್ತೆಂಟು. ಸೈನಿಕನಲ್ಲ, ಓದು ಬರಹದ ಮನೆಯವನು. ಅಪ್ಪ ಸರ್ ಜಾನ್ ಬೌರಿಂಗ್ ಹತ್ತಾರು ಭಾಷೆ ಬಲ್ಲವನು, ಪಾರ್ಲಿಮೆಂಟಿನ ಸದಸ್ಯನಾಗಿದ್ದವನು, 1854ರಿಂದ ಐದು ವರ್ಷ ಹಾಂಗ್‌ಕಾಂಗಿನ ಗವರ್ನರ್. 1855ರಲ್ಲಿ ಸಯಾಮಿನ ಜೊತೆ ಆತ ಮಾಡಿಕೊಂಡ ವ್ಯಾಪಾರದ ಒಪ್ಪಂದವನ್ನು ಥಾಯ್ ಮಕ್ಕಳು ಇವತ್ತಿಗೂ ಪಾಠದಲ್ಲಿ ಓದುತ್ತಾರೆ. ಚೀನಾದ ಮೇಲೆ ಎರಡನೆಯ ಅಫೀಮು ಯುದ್ಧಕ್ಕೆ ಕಿಡಿ ಹಚ್ಚಿದವರಲ್ಲೂ ಆತನ ಹೆಸರಿದೆ. ಇದೇ ಅಪ್ಪ ತತ್ತ್ವಜ್ಞಾನಿ ಜೆರೆಮಿ ಬೆಂಥಮ್‌ನ ಪಟ್ಟಶಿಷ್ಯ. ಗುರುವಿನ ಬರಹಗಳನ್ನೆಲ್ಲ ಸಂಪಾದಿಸಿ ಅಚ್ಚು ಹಾಕಿಸಿದವನು. ಮಗನ ನಡುಹೆಸರು ‘ಬೆಂಥಮ್’ ಅಲ್ಲಿಂದ ಬಂತು. ಒಬ್ಬ ಅಣ್ಣತಮ್ಮ ಹಾಂಗ್‌ಕಾಂಗಿನಲ್ಲಿ ವ್ಯಾಪಾರ ಮಾಡುತ್ತ ಹುಳ ಹುಪ್ಪಟೆ ಕೂಡಿಡುತ್ತಿದ್ದ, ಇನ್ನೊಬ್ಬ ಗಯಟೆಯ ಕವಿತೆಗಳನ್ನು ಇಂಗ್ಲಿಷಿಗೆ ತಂದ.

ಬೆಂಥಮ್ ಹೇಳಿದ್ದನ್ನು ಒರಟಾಗಿ ಹೇಳುವುದಾದರೆ: ಹೆಚ್ಚು ಜನಕ್ಕೆ ಹೆಚ್ಚು ಸುಖ ಸಿಗುವಂತೆ ಕಾನೂನು ಇರಬೇಕು, ಎಲ್ಲಕ್ಕೂ ಲೆಕ್ಕ ಇರಬೇಕು, ಯಾವುದೂ ಯಾರ ಮರ್ಜಿಗೂ ಬಿಟ್ಟದ್ದಾಗಿರಬಾರದು. ನಡುವೆ ಒಂದು ಕಾವಲು ಗೋಪುರ, ಸುತ್ತ ಕೈದಿಗಳ ಕೋಣೆಗಳು, ಒಬ್ಬನೇ ನಿಂತು ಎಲ್ಲರನ್ನೂ ನೋಡಬಲ್ಲಂಥ ಸೆರೆಮನೆಯ ನಕ್ಷೆಯನ್ನೂ ಆತ ಹಾಕಿಕೊಟ್ಟಿದ್ದ. ಬೆಂಗಳೂರಿನ ಸೆಂಟ್ರಲ್ ಜೈಲು, ಈಗಿನ ಫ್ರೀಡಂ ಪಾರ್ಕ್, ಕಟ್ಟಿದ್ದು 1860ರ ದಶಕದಲ್ಲಿ. ಅದರ ನಡುವಿನ ಗೋಪುರ ಇನ್ನೂ ನಿಂತಿದೆ. ಬೆಂಥಮ್‌ನ ಹೆಸರಿಟ್ಟುಕೊಂಡವನ ಕಾಲದಲ್ಲೇ ಅದು ಎದ್ದದ್ದು ಕಾಕತಾಳೀಯವೂ ಇರಬಹುದು, ನನಗಂತೂ ನಗು ಬರುತ್ತದೆ.

ಬೌರಿಂಗ್ ಹೇಲಿಬರಿಯಲ್ಲಿ ಕಂಪನಿಯ ನೌಕರಿಗೆ ಓದಿ, 1843ರಲ್ಲಿ ಬಂಗಾಳ ಸಿವಿಲ್ ಸರ್ವಿಸ್ ಸೇರಿದ. 1847ರಲ್ಲಿ ಲಾಹೋರಿನಲ್ಲಿ ಸಹಾಯಕ ರೆಸಿಡೆಂಟ್. ಸಿಖ್ಖರ ರಾಜ್ಯ ಇಂಗ್ಲಿಷರ ಬಾಯಿಗೆ ಬೀಳುವುದನ್ನು ಅಲ್ಲೇ ಕಂಡ, ಆಮೇಲೆ ಅದೇ ಪಂಜಾಬಿನ ಜಿಲ್ಲೆಗಳಲ್ಲಿ ಅಧಿಕಾರ ನಡೆಸಿದ. 1858ರಿಂದ ವೈಸ್‌ರಾಯ್ ಕ್ಯಾನಿಂಗ್‌ನ ಖಾಸಗಿ ಕಾರ್ಯದರ್ಶಿ. ಸಿಪಾಯಿ ದಂಗೆಯ ಬೆಂಕಿ ಆರುತ್ತಿದ್ದ ವರ್ಷಗಳವು. ಯಾವ ರಾಜನನ್ನು ಉಳಿಸಬೇಕು, ಯಾರಿಗೆ ದತ್ತು ತೆಗೆದುಕೊಳ್ಳಲು ಬಿಡಬೇಕು ಎಂಬ ಕಾಗದಗಳೆಲ್ಲ ಓಡಾಡುತ್ತಿದ್ದದ್ದು ಆ ಕಚೇರಿಯಲ್ಲೇ. ಅಲ್ಲಿಂದ ನೇರ ಬೆಂಗಳೂರು.

ಬಂದವನು ಮೊದಲು ಮಾಡಿದ್ದು ಕಚೇರಿಗಳ ಹೊಸ ಏರ್ಪಾಟು. ಮೈಸೂರನ್ನು ನಂದಿದುರ್ಗ, ಅಷ್ಟಗ್ರಾಮ, ನಗರ ಎಂದು ಮೂರು ವಿಭಾಗ ಮಾಡಿ, ಅವುಗಳ ಕೆಳಗೆ ಎಂಟು ಜಿಲ್ಲೆಗಳನ್ನು ಇಟ್ಟ. ಜಿಲ್ಲೆಗೊಬ್ಬ ಡೆಪ್ಯುಟಿ ಕಮಿಷನರ್. ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲಿ, ಚಿತ್ರದುರ್ಗ ಜಿಲ್ಲೆ ಶಿವಮೊಗ್ಗದಿಂದ ನೋಡಿಕೊಳ್ಳುವ ನಗರ ವಿಭಾಗದಲ್ಲಿ. ದಾವಣಗೆರೆ ತಾನೇ ಒಂದು ಜಿಲ್ಲೆಯಾಗಲು 1997ರ ತನಕ ಕಾಯಬೇಕಾಯಿತು; ಅದನ್ನು ಮಾಡಿದವರು ಇದೇ ಸೀಮೆಯ, ಚನ್ನಗಿರಿ ತಾಲ್ಲೂಕು ಕಾರಿಗನೂರಿನ ಜೆ.ಎಚ್. ಪಟೇಲರು. ಆದರೆ ‘ಡಿ.ಸಿ. ಆಫೀಸಿಗೆ ಹೋಗಿ ಬರ್ತೀನಿ’ ಅನ್ನುವ ಮಾತಿಗೆ ಬೇಕಾದ ಡಿ.ಸಿ.ಯನ್ನು ಕೂರಿಸಿದ್ದು ಬೌರಿಂಗ್. ಅರಣ್ಯಕ್ಕೆ ಒಂದು ಇಲಾಖೆ, ಸರ್ವೆಗೆ ಒಂದು, ಇನಾಂ ಜಮೀನುಗಳ ತಪಾಸಣೆಗೆ ಒಂದು ಕಮಿಷನ್, ಹೋಬಳಿಗೊಂದು ಶಾಲೆಯ ಯೋಜನೆ, ಒಂದರ ಹಿಂದೆ ಒಂದು ಬಂದವು. ಇಷ್ಟು ಇಲಾಖೆಗಳಿಗೆ ಕೂರಲು ಜಾಗ ಬೇಡವೇ? ಬೆಂಗಳೂರಿನಲ್ಲಿ ಅಠಾರಾ ಕಚೇರಿ, ಈಗ ಹೈಕೋರ್ಟ್ ಇರುವ ಕೆಂಪು ಕಟ್ಟಡ, ಎದ್ದಿತು. ಅದೂ ಹರಿಹರದ ಸೇತುವೆಯೂ ಮುಗಿದದ್ದು ಒಂದೇ ವರ್ಷ. ಕಚೇರಿಗೆ ಆದ ಖರ್ಚು ಸೇತುವೆಗಿಂತ ಜಾಸ್ತಿ, ನಾಲ್ಕು ಲಕ್ಷದ ಮೇಲೆ.

ಸರ್ವೆ ಇಲಾಖೆ 1863ರದ್ದು. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ರೈತನ ಬದುಕಿಗೆ ಕಮಿಷನರ್ ಕೈಹಾಕಿದ್ದು ಇಲ್ಲಿಯೇ. ಮಲೆನಾಡಿನಲ್ಲಿ ಹದಿನೇಳನೆಯ ಶತಮಾನದ ಶಿವಪ್ಪನಾಯಕನ ಶಿಸ್ತು ಎಂಬ ಲೆಕ್ಕ ಹೆಸರಿಗಾದರೂ ಉಳಿದಿತ್ತು. ಬಯಲುಸೀಮೆಯಲ್ಲಿ ಬಹಳ ಕಡೆ ಬೆಳೆ ಬಂದ ಮೇಲೆ ಕಣದಲ್ಲೇ ಸರ್ಕಾರಕ್ಕೊಂದು ಪಾಲು, ರೈತನಿಗೊಂದು ಪಾಲು. ಹೊಲದ ಅಳತೆಯನ್ನು ಬಿತ್ತನೆಯ ಬೀಜದಲ್ಲಿ ಹೇಳುತ್ತಿದ್ದರು: ಇಷ್ಟು ಕೊಳಗ ಬಿತ್ತುವ ಹೊಲ, ಇಷ್ಟು ಖಂಡುಗದ ಗದ್ದೆ. ಶಾನುಭೋಗರ ಕಡತ ಏನು ಹೇಳುತ್ತದೋ ಅದೇ ಗಡಿ. ಹೊಳೆಯಾಚೆ ಧಾರವಾಡ ಜಿಲ್ಲೆ ಬೊಂಬಾಯಿ ಸರ್ಕಾರದ್ದು. ಅಲ್ಲಿ ಆಗಲೇ ಚೈನು ಎಳೆದು ಸರ್ವೆ ಮಾಡಿ, ಮೂವತ್ತು ವರ್ಷಕ್ಕೆ ಕಂದಾಯ ಗೊತ್ತು ಮಾಡಿದ್ದರು. ರಾಣೆಬೆನ್ನೂರಿನ ರೈತ ಎಷ್ಟು ಕಟ್ಟುತ್ತಾನೆ ಅಂತ ಹರಿಹರದ ರೈತನಿಗೆ ಗೊತ್ತಿತ್ತು. ಬೌರಿಂಗ್ ಅದೇ ಬೊಂಬಾಯಿ ಪದ್ಧತಿಯನ್ನು ಮೈಸೂರಿಗೆ ತಂದ.

ಅಳತೆಯ ಚೈನು 33 ಅಡಿ ಉದ್ದ. ಅದಕ್ಕೆ ಹದಿನಾರು ಭಾಗ, ಒಂದೊಂದು ಭಾಗಕ್ಕೂ ಆಣೆ ಎಂದೇ ಹೆಸರು, ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ. ಚೈನು ಉದ್ದ, ಚೈನು ಅಗಲದ ತುಂಡು ಒಂದು ಗುಂಟೆ, ಅಂದರೆ 1,089 ಚದರಡಿ. ನಲವತ್ತು ಗುಂಟೆ ಕೂಡಿದರೆ ಎಕರೆ. ಇವತ್ತು ದಾವಣಗೆರೆಯ ಹೊರವಲಯದಲ್ಲಿ ಲೇಔಟ್ ಮಾಡುವವರು ‘ಗುಂಟೆಗೆ ಎಷ್ಟ್ರೀ?’ ಎಂದು ಕೇಳುವಾಗ ಬಾಯಲ್ಲಿ ಬರುವುದು ಆ ಚೈನಿನ ಲೆಕ್ಕವೇ. ಹೊಲದ ಮೂಲೆಗೆ ಬಾಂದು ಕಲ್ಲು ನೆಟ್ಟರು, ನಂಬರು ಕೊಟ್ಟರು, ಕಲ್ಲು ಬಂಡೆ ಹಳ್ಳಗಳನ್ನು ಖರಾಬು ಎಂದು ಕಳೆದರು. ಮಣ್ಣು ಕೆದಕಿ ನೋಡಿ ಎರೆಯೋ ಮಸಾರಿಯೋ, ಎಷ್ಟು ಆಳ, ಸುಣ್ಣಗಲ್ಲು ಇದೆಯೋ ಎಂದೆಲ್ಲ ನೋಡಿ ಆಣೆಲೆಕ್ಕದಲ್ಲಿ ದರ್ಜೆ ಹಾಕಿದರು. ಒಳ್ಳೆಯ ಎರೆಭೂಮಿ ಹದಿನಾರಾಣೆ, ಅಲ್ಲಿಂದ ಕೆಳಕ್ಕೆ. ಅದರ ಮೇಲೆ ಕಂದಾಯ.

ಇದರಿಂದ ರೈತನಿಗೆ ಸಿಕ್ಕಿದ್ದು ದೊಡ್ಡದು. ಅಮಲ್ದಾರ ಬದಲಾದರೆ ತೆರಿಗೆ ಬದಲಾಗುವುದಿಲ್ಲ. ಹೊಲದಲ್ಲಿ ಬಾವಿ ತೋಡಿದರೆ ಮೂವತ್ತು ವರ್ಷ ಲಾಭವೆಲ್ಲ ಅವನದೇ. ಕಳೆದುಕೊಂಡದ್ದೂ ಸಣ್ಣದಲ್ಲ. ಪಾಲಿನ ಪದ್ಧತಿಯಲ್ಲಿ ಮಳೆ ಹೋದರೆ ಸರ್ಕಾರಕ್ಕೂ ಹೋಗುತ್ತಿತ್ತು; ಈಗ ಮಳೆ ಬರಲಿ ಬಿಡಲಿ, ಕಿಸ್ತಿನ ದಿನಕ್ಕೆ ನಗದು ಎಣಿಸಬೇಕು. ನಂಬರು ಬಿದ್ದ ಹೊಲವನ್ನು ಕ್ರಯಕ್ಕೆ ಬರೆದುಕೊಡುವುದೂ ಅಡವಿಡುವುದೂ ಸಲೀಸಾಯಿತು, ಸಾಹುಕಾರನಿಗೆ ಅದೇ ಬೇಕಾಗಿತ್ತು. ಬೌರಿಂಗ್ ಮೈಸೂರು ಬಿಟ್ಟು ಆರು ವರ್ಷಕ್ಕೆ, 1876ರಿಂದ 78ರ ತನಕ, ಬಡಿದ ಬರದಲ್ಲಿ ಸಂಸ್ಥಾನದ ಲಕ್ಷಾಂತರ ಜನ ಸತ್ತರು. ಬರಕ್ಕೆ ಸರ್ವೆ ಕಾರಣವಲ್ಲ. ಆದರೆ ಅಷ್ಟು ಅಚ್ಚುಕಟ್ಟಾದ ಲೆಕ್ಕದ ಪುಸ್ತಕಗಳೆಲ್ಲ ಕಂದಾಯ ಎಷ್ಟು ಬರಬೇಕು ಎಂಬುದನ್ನು ಹೇಳುತ್ತಿದ್ದವು, ಕಣಜದಲ್ಲಿ ಕಾಳು ಎಷ್ಟಿದೆ ಎಂಬುದನ್ನು ಹೇಳುತ್ತಿರಲಿಲ್ಲ.

ಆಗಿನ ದಾವಣಗೆರೆ ಹೇಗಿತ್ತು? ಮೊದಲು ಅದು ಬೇತೂರಿನ ಸೆರಗಿನಲ್ಲಿದ್ದ ಸಣ್ಣ ಹಳ್ಳಿ. ಹೈದರಾಲಿ ಅದನ್ನು ಅಪ್ಪೋಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರು ಕೊಟ್ಟ. ಆತ ವರ್ತಕರನ್ನು ಕರೆಸಿ ಕೂರಿಸಿದ. ಆತನಿಗೆ ವಾರಸುದಾರರಿರಲಿಲ್ಲ, ಆದರೂ ಪೇಟೆ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು ದೂರದ ಆರ್ಕಾಟಿನ ವಾಲಾಜಾಪೇಟೆಗೆ ಹೋಗುತ್ತಿತ್ತು, ಮದರಾಸಿನ ಹಡಗಿನ ಸರಕು ಅಲ್ಲಿಂದ ಇಲ್ಲಿಗೆ ಬರುತ್ತಿತ್ತು. ಕಂಬಳಿಗೆ ಈ ಊರು ಹೆಸರುವಾಸಿ. ಆರು ತಿಂಗಳ ಮರಿಯ ಮೊದಲ ತುಪ್ಪಟದಿಂದ ನೇದ ಕಂಬಳಿಯಲ್ಲಿ ನೀರು ಹೊಯ್ದರೆ ಸೋರುತ್ತಿರಲಿಲ್ಲವಂತೆ. ಇನ್ನೂರು ಮುನ್ನೂರು ರೂಪಾಯಿ ಬೆಲೆಯ ಕಂಬಳಿಗಳೂ ಇಲ್ಲಿದ್ದವು ಎಂದು ಬಿ.ಎಲ್. ರೈಸ್ ಗೆಜೆಟಿಯರಿನಲ್ಲಿ ದಾಖಲಿಸಿದ್ದಾನೆ. 3 ಲಕ್ಷಕ್ಕೆ ಸೇತುವೆ ಆಗುತ್ತಿದ್ದ ಕಾಲದಲ್ಲಿ 300 ರೂಪಾಯಿ ಕಂಬಳಿ! ಹೊದೆಯಲಿಕ್ಕೆ ಕೊಂಡವರು ಯಾರೋ, ಗದ್ದುಗೆಗೆ ಹಾಸಲಿಕ್ಕೆ ಕೊಂಡವರು ಯಾರೋ.

ಬೌರಿಂಗ್ ಬಂದ ಹೊಸತರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಅದರ ಬಿಸಿ ನಮ್ಮ ಸೀಮೆಗೂ ತಟ್ಟಿತು. ಅಲ್ಲಿ ಬಹುಪಾಲು ರಾಜ್ಯಗಳಿಗೆ ಜನ ಆರಿಸಿದ ಗವರ್ನರ್. ಬೌರಿಂಗನ ಓರಗೆಯವನೇ ಆದ ಜೋಸೆಫ್ ಬ್ರೌನ್ ಜಾರ್ಜಿಯಾ ರಾಜ್ಯದ ಗವರ್ನರ್ ಆಗಿದ್ದ, 1857ರಿಂದ 1865ರವರೆಗೆ, ನಾಲ್ಕು ಸಲ ಗೆದ್ದು. ಬಡ ರೈತರ ಮನೆಯಿಂದ ಬಂದು ವಕೀಲನಾದವನು. ಗುಲಾಮಗಿರಿಯ ಪರ ನಿಂತು ತನ್ನ ರಾಜ್ಯವನ್ನು ಒಕ್ಕೂಟದಿಂದ ಹೊರಗೆಳೆದವನು. ಆಮೇಲೆ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಜೊತೆಯೂ ಜಗಳವಾಡಿದ, ನಮ್ಮ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆಯಲು ನೀನು ಯಾರು ಎಂದು. ಯುದ್ಧದ ನಡುವೆ ಅನ್ನಕ್ಕೆ ತತ್ವಾರವಾದಾಗ ಹತ್ತಿ ಬಿಟ್ಟು ಕಾಳು ಬೆಳೆಯಿರಿ ಎಂದ. ಆಳಿಗೆ ಮೂರು ಎಕರೆಗಿಂತ ಹೆಚ್ಚು ಹತ್ತಿ ಹಾಕಕೂಡದು ಎಂದು 1862ರ ಕೊನೆಗೆ ಜಾರ್ಜಿಯಾದಲ್ಲಿ ಕಾನೂನೇ ಆಯಿತು. ಅತ್ತ ಲಿಂಕನ್‌ನ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿ ಕೂತಿತ್ತು.

ಇಂಗ್ಲೆಂಡಿನ ಗಿರಣಿಗಳು ಬಹುಪಾಲು ಅಮೆರಿಕದ ಹತ್ತಿಯನ್ನೇ ನಂಬಿದ್ದವು. ಅದು ನಿಂತಿದ್ದೇ ತಡ ಲ್ಯಾಂಕಾಷೈರಿನ ಸಾಹುಕಾರರ ಕಣ್ಣು ನಮ್ಮ ಎರೆಭೂಮಿಯ ಮೇಲೆ ಬಿತ್ತು. ಧಾರವಾಡ ಸೀಮೆಯಲ್ಲಿ 1840ರ ದಶಕದಲ್ಲೇ ನ್ಯೂ ಆರ್ಲಿಯನ್ಸ್ ಬೀಜ ತಂದು ಬೆಳೆಸಿದ್ದರು. ಪೇಟೆಯಲ್ಲಿ ಅದನ್ನು ಧಾರವಾಡ–ಅಮೆರಿಕನ್ ಎನ್ನುತ್ತಿದ್ದರು. ನಾಡತಳಿಯ ಹತ್ತಿ ಕುಮಟಾ ಬಂದರಿಂದ ಹೋಗುತ್ತಿದ್ದುದರಿಂದ ಲಿವರ್‌ಪೂಲಿನಲ್ಲೂ ಅದಕ್ಕೆ ಕುಮಟಾ ಎಂದೇ ಹೆಸರು. ಆ ನಾಲ್ಕು ವರ್ಷ ಹತ್ತಿಯ ಧಾರಣೆ ಏರಿದ ಪರಿ, ಬೊಂಬಾಯಿಯಲ್ಲಿ ಷೇರು ಹುಚ್ಚು ಹತ್ತಿ ಊರಿಗೆ ಊರೇ ಶ್ರೀಮಂತವಾದ ಪರಿ, ಯುದ್ಧ ಮುಗಿದ 1865ರಲ್ಲಿ ಅದೆಲ್ಲ ಒಮ್ಮೆಗೇ ದಿವಾಳಿ ಎದ್ದ ಪರಿ, ದೊಡ್ಡ ಕತೆ. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬೊಂಬಾಯಿಗೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿಗೆ ಹತ್ತಿ ಸಾಗಿಸುವ ಲೆಕ್ಕಾಚಾರವಿತ್ತು. ಮೈಸೂರು ಸಂಸ್ಥಾನದ ಒಳಗೆ ಹತ್ತಿ ಬೆಳೆಯುವ ನೆಲ ಎಂದರೆ ಮುಖ್ಯವಾಗಿ ಚಿತ್ರದುರ್ಗ ಜಿಲ್ಲೆ. ಎಪ್ಪತ್ತು ವರ್ಷ ಕಳೆದ ಮೇಲೆ ದಾವಣಗೆರೆಯಲ್ಲಿ ಗಿರಣಿಗಳು ಎದ್ದು ಊರು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿತಲ್ಲ, ಆ ದಾರಿ ಇಲ್ಲಿಂದಲೇ ಶುರುವಾದದ್ದು.

ಬ್ರೌನ್‌ನನ್ನು ಯುದ್ಧ ಸೋತ ಮೇಲೆ ಬಂಧಿಸಿದರು, ಬಿಟ್ಟರು. ಆತ ಪಕ್ಷ ಬದಲಿಸಿ, ಮತ್ತೆ ಬದಲಿಸಿ, ಕೈದಿಗಳನ್ನು ಬಾಡಿಗೆಗೆ ಪಡೆದು ಕಲ್ಲಿದ್ದಲ ಗಣಿ ನಡೆಸಿ ಸಾಹುಕಾರನಾದ, ಕೊನೆಗೆ ಸೆನೆಟರ್ ಕೂಡ ಆದ. ಆತನ ಮಗನೂ ಗವರ್ನರ್ ಆದ. ಬೌರಿಂಗ್ ನಡತೆಯಲ್ಲಿ ಈತನಿಗಿಂತ ನೂರು ಪಾಲು ವಾಸಿ ಎಂದು ಯಾರಾದರೂ ಒಪ್ಪುತ್ತಾರೆ. ಆದರೂ ಒಂದು ಮಾತು ಹೇಳಲೇಬೇಕು. ಬ್ರೌನ್ ಎಂಥವನೇ ಇರಲಿ, ಅಲ್ಲಿನ ಬಿಳಿಯ ಗಂಡಸರಾದರೂ ಓಟು ಹಾಕಿ ಅವನನ್ನು ಆರಿಸಬಹುದಿತ್ತು, ಇಳಿಸಬಹುದಿತ್ತು. ಗುಲಾಮರಿಗೆ ಆ ಹಕ್ಕಿರಲಿಲ್ಲ. ಮೈಸೂರಿನಲ್ಲಿ ಯಾರಿಗೂ ಇರಲಿಲ್ಲ. ಬೌರಿಂಗ್ ಉತ್ತರ ಹೇಳಬೇಕಾದದ್ದು ಕಲ್ಕತ್ತಕ್ಕೆ ಮಾತ್ರ.

ಸೇತುವೆಯ ವಿಷಯಕ್ಕೆ ಬರೋಣ. ಹರಿಹರದ ಹತ್ತಿರ ತುಂಗಭದ್ರೆ ಅಗಲವಾದ ಹೊಳೆ. ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಇಲ್ಲಿಯೇ ಬಂದು ಸೇರುತ್ತದೆ. ಮಳೆಗಾಲದಲ್ಲಿ ಸೊಕ್ಕಿ ಬಂದರೆ ಹರಿಗೋಲಿನವರೂ ಕೈಚೆಲ್ಲುತ್ತಿದ್ದರು. 1800ರ ಜೂನಿನಲ್ಲಿ ದೋಂಡಿಯಾ ವಾಘ್ ಎಂಬ ಬಂಡುಕೋರನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ, ಮುಂದೆ ನೆಪೋಲಿಯನ್‌ನನ್ನು ಸೋಲಿಸಿದವನೇ, ತನ್ನ ಸೈನ್ಯವನ್ನು ಚರ್ಮ ಹೊದಿಸಿದ ಬುಟ್ಟಿದೋಣಿಗಳಲ್ಲಿ ಇಲ್ಲಿಯೇ ದಾಟಿಸಬೇಕಾಯಿತು. ದೋಣಿಗಳು ಸಾಲದೆ ದಿನಗಟ್ಟಲೆ ಹಿಡಿಯಿತು. ಆಮೇಲೆ ಹರಿಹರದಲ್ಲಿ ದಂಡು ಬೀಡುಬಿಟ್ಟಿತು. ಊರಿಂದ ಎರಡು ಮೈಲಿ ವಾಯವ್ಯಕ್ಕೆ ದೇಶೀ ಸಿಪಾಯಿಗಳ ಒಂದು ಪಲ್ಟನ್ 1865ರವರೆಗೂ ಇತ್ತು. ಬೌರಿಂಗ್ ಕಾಲದಲ್ಲಿ ದಂಡು ಎದ್ದುಹೋಯಿತು, ಮೂರು ವರ್ಷಕ್ಕೆ ಸೇತುವೆ ಬಂತು. ದಂಗೆಯ ಭಯ ಕಳೆದು ವ್ಯಾಪಾರದ ಮೇಲೆ ಗಮನ ಬಂತು ಎಂದು ಇದನ್ನು ಓದಬಹುದು. ಸೈನ್ಯ ಈಗ ಬೆಂಗಳೂರಿನಿಂದಲೇ ಒಂದೇ ಓಟಕ್ಕೆ ಹೊಳೆ ದಾಟಿ ಧಾರವಾಡ ಮುಟ್ಟಬಹುದು, ಹಾಗಾಗಿ ಇಲ್ಲಿ ದಂಡು ಯಾಕೆ ಬೇಕು ಎಂದೂ ಓದಬಹುದು.

ಎತ್ತಿನ ಗಾಡಿಯವನಿಗೆ ಇದೆಲ್ಲ ಬೇಕಿರಲಿಲ್ಲ. ಮೊದಲು ದಡದಲ್ಲಿ ಗಾಡಿ ಬಿಚ್ಚಿ, ಮೂಟೆ ಇಳಿಸಿ, ಹರಿಗೋಲಿಗೆ ಹೇರಿ, ಎತ್ತುಗಳನ್ನು ಈಜಿಸಿ, ಆಚೆ ಮತ್ತೆ ಹೂಡಬೇಕಿತ್ತು. ಅಡಿಕೆ ನೆಂದರೆ ಬೆಲೆ ಹೋಯಿತು, ಹತ್ತಿ ನೆಂದರೆ ಎಲ್ಲವೂ ಹೋಯಿತು. ಈಗ ಹೂಡಿದ ಗಾಡಿ ಹೂಡಿದಂತೆಯೇ ಕಮಾನುಗಳ ಮೇಲೆ ಹಾದು ಆಚೆ ದಡಕ್ಕೆ. ದಡದಲ್ಲಿ ಕಾಯುವ ದಿನಗಳು ಉಳಿದವು. ಹರಿಗೋಲು ಹಾಕುವ ಅಂಬಿಗರ ದುಡಿಮೆ ಹೋಯಿತು. ಸೇತುವೆಯ ಖರ್ಚಿನ ಲೆಕ್ಕದಲ್ಲಿ ಅದನ್ನು ಯಾರೂ ಬರೆಯುವುದಿಲ್ಲ.

ಬೌರಿಂಗ್ ಮಾಡಿಸಿದ ಇನ್ನೊಂದು ಕೆಲಸ ನನಗೆ ಸೇತುವೆಗಿಂತ ಇಷ್ಟ. 1865ರಲ್ಲಿ ಮೇಜರ್ ಡಿಕ್ಸನ್ ಎಂಬ ಸೈನ್ಯಾಧಿಕಾರಿ ಮೈಸೂರು ಸರ್ಕಾರಕ್ಕಾಗಿ ಸುಮಾರು 150 ಶಾಸನಗಳ ಫೋಟೋ ತೆಗೆದ. ಹರಿಹರೇಶ್ವರ ದೇವಸ್ಥಾನದ ಕಲ್ಲುಗಳೂ ಅದರಲ್ಲಿ ಸೇರಿದ್ದವು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಳಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯದು. 1268ರಲ್ಲಿ ಸೋಮ ದಂಡನಾಯಕ ಇನ್ನಷ್ಟು ಕಟ್ಟಿಸಿದ. ಅಂಗಳದಲ್ಲಿ ಆಳೆತ್ತರದ ಶಾಸನಗಳು, ಸಾಲು ಸಾಲು ಹಳಗನ್ನಡ, ಸಂಸ್ಕೃತ. ಫೋಟೋ ಎಂದರೆ ಈಗಿನ ಹಾಗಲ್ಲ; ಗಾಜಿನ ತಟ್ಟೆ, ಔಷಧಿ, ಮುಕ್ಕಾಲಿಗೆಯ ಮೇಲೆ ಮರದ ಪೆಟ್ಟಿಗೆ, ಎಲ್ಲವನ್ನೂ ಗಾಡಿಯಲ್ಲಿ ಹೇರಿಕೊಂಡು ಬರಬೇಕು. ಬಿಸಿಲು ಓರೆಯಾಗಿ ಬಿದ್ದರೆ ಅಕ್ಷರದ ಕೊರೆತ ಕಾಣುತ್ತದೆ, ನೆತ್ತಿಗೆ ಬಂದರೆ ಕಲ್ಲು ಬರೀ ಬಿಳಿ. ಆ ಫೋಟೋಗಳನ್ನು ಓದುವ ಕೆಲಸ ಗೆಜೆಟಿಯರ್ ಬರೆದ ಅದೇ ಬೆಂಜಮಿನ್ ಲೂಯಿಸ್ ರೈಸ್‌ನ ಪಾಲಿಗೆ ಬಂತು. 1879ರಲ್ಲಿ ಆತ ‘ಮೈಸೂರು ಇನ್‌ಸ್ಕ್ರಿಪ್ಷನ್ಸ್’ ಪ್ರಕಟಿಸಿದ, ಆಮೇಲೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳು ಬಂದವು. ಅದರ ಹನ್ನೊಂದನೆಯದು ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ, ಹರಿಹರದ ಶಾಸನಗಳೂ ಅದರಲ್ಲೇ. ಪೋಳಾಳ್ವನ ಹೆಸರು ಇವತ್ತು ಬಿ.ಎ. ಹುಡುಗರಿಗೂ ಗೊತ್ತಿದ್ದರೆ ಅದು ಡಿಕ್ಸನ್ನನ ಗಾಜಿನ ತಟ್ಟೆಯಿಂದ ಶುರುವಾದ ಋಣ. ಆಡಳಿತಗಾರನಿಗೆ ಇದರಿಂದ ಒಂದು ಪೈಸೆ ಕಂದಾಯ ಹೆಚ್ಚುವುದಿಲ್ಲ. ಆದರೂ ಬೌರಿಂಗ್ ಹಣ ಕೊಡಿಸಿದ.

ಮೈಸೂರಿನ ಅರಮನೆಯ ಜೊತೆ ಆತನ ಸಂಬಂಧ ಬಿಗಿಯಾಗಿತ್ತು. ಮುಮ್ಮಡಿಯವರಿಗೆ ಒಂದೇ ಹಟ, ರಾಜ್ಯ ತಮ್ಮ ಮನೆತನಕ್ಕೆ ವಾಪಸು ಬರಬೇಕು. ಕಲ್ಕತ್ತ ಒಪ್ಪಲಿಲ್ಲ. 1865ರಲ್ಲಿ ಅವರು ಎರಡು ವರ್ಷದ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು, ಸರ್ಕಾರ ಒಪ್ಪಲಿ ಬಿಡಲಿ ಎಂದು. ಇತ್ತ ಕಡೆಯ ಮನವಿ ಅತ್ತ ಒಯ್ಯುವುದು, ಅತ್ತ ಕಡೆಯ ನಿರಾಕರಣೆ ಇತ್ತ ತರುವುದು ಕಮಿಷನರನ ಪಾಡು. ಲಂಡನ್ನಿನಲ್ಲಿ ಮಂತ್ರಿ ಬದಲಾಗಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ಬಂದ ಮೇಲೆ, 1867ರಲ್ಲಿ, ಹುಡುಗ ದೊಡ್ಡವನಾದ ಮೇಲೆ ರಾಜ್ಯ ಅವನಿಗೇ ಎಂದು ತೀರ್ಮಾನವಾಯಿತು. ಮುಮ್ಮಡಿಯವರು 1868ರ ಮಾರ್ಚಿನಲ್ಲಿ ತೀರಿಕೊಂಡರು; ಗೆದ್ದ ಸುದ್ದಿಯನ್ನಾದರೂ ಕೇಳಿ ಹೋದರು. ಹೊಸ ಮಹಾರಾಜರ ಹೆಸರನ್ನು ಸಾರಿದ್ದು ಬೌರಿಂಗ್ ಆಡಳಿತ. ಅಂದರೆ ಹೊಳೆಗೆ ಸೇತುವೆ ಮುಗಿದ ವರ್ಷವೇ, ಇದನ್ನೆಲ್ಲ ಒಂದು ದಿನ ಬಿಟ್ಟುಕೊಡಬೇಕು ಎಂಬುದು ಇಂಗ್ಲಿಷರಿಗೂ ಗೊತ್ತಾಗಿತ್ತು. ಬೌರಿಂಗ್ ಕಟ್ಟಿದ ಇಲಾಖೆಗಳು ಮುಂದಿನ ದಿವಾನರಿಗೆ ಸಿದ್ಧ ಅಡಿಗೆಯಾಗಿ ಸಿಕ್ಕವು. ಆತ ಇಟ್ಟ ಡೆಪ್ಯುಟಿ ಕಮಿಷನರ್ ಹುದ್ದೆಗಳಿಗೆ ನಿಧಾನವಾಗಿ ನಮ್ಮವರೇ ಬಂದರು.

1870ರಲ್ಲಿ ಆತ ಮೈಸೂರು ಬಿಟ್ಟ. ಮರುವರ್ಷವೇ ‘ಈಸ್ಟರ್ನ್ ಎಕ್ಸ್‌ಪೀರಿಯನ್ಸಸ್’ ಎಂಬ ಪುಸ್ತಕ ಬಂತು. ಮೈಸೂರಿನ ಜಿಲ್ಲೆಗಳು, ಕೊಡಗು, ಪಂಜಾಬು ಎಲ್ಲ ಅದರಲ್ಲಿವೆ. 1893ರಲ್ಲಿ ಹೈದರ್ ಮತ್ತು ಟಿಪ್ಪು ಬಗ್ಗೆ ಇನ್ನೊಂದು ಪುಸ್ತಕ ಬರೆದ. ಟಿಪ್ಪುವಿನ ಬಗ್ಗೆ ಆತನ ತೀರ್ಪು ಆ ಕಾಲದ ಇಂಗ್ಲಿಷರ ತೀರ್ಪೇ, ಅದರಲ್ಲಿ ಹೊಸದೇನೂ ಇಲ್ಲ. ಗದ್ಯ ಮಾತ್ರ ಚೊಕ್ಕ. 1910ರಲ್ಲಿ ತೀರಿಕೊಂಡ. ಇಷ್ಟಾದರೂ ಕುದುರೆಯ ಮೇಲಿನ ಪ್ರತಿಮೆ, ಉದ್ಯಾನ, ಹೆಸರು ಎಲ್ಲ ಕಬ್ಬನ್‌ಗೇ ಹೋದವು. ಆ ಪ್ರತಿಮೆ ಬೆಂಗಳೂರಿನಲ್ಲಿ ನಿಂತದ್ದೂ ಬೌರಿಂಗ್ ಕಾಲದಲ್ಲೇ, 1866ರಲ್ಲಿ. 2020ರಲ್ಲಿ ಅದನ್ನು ಹೈಕೋರ್ಟ್ ಎದುರಿಂದ ಎತ್ತಿ ಪಾರ್ಕಿನ ಒಳಗೆ ಇಟ್ಟಾಗ ಪತ್ರಿಕೆಗಳಲ್ಲಿ ಪರ–ವಿರೋಧ ಚರ್ಚೆ ನಡೆಯಿತು. ಬೌರಿಂಗ್‌ನನ್ನು ಎತ್ತಿಡಲು ಪ್ರತಿಮೆಯೇ ಇಲ್ಲ. ಸರ್ವೆ ನಂಬರುಗಳನ್ನು ಯಾರು ಎತ್ತಿಡುತ್ತಾರೆ?

ಜನಕ್ಕಲ್ಲ, ಕಲ್ಕತ್ತಕ್ಕೆ ಮಾತ್ರ ಉತ್ತರ ಹೇಳುವ ಆಡಳಿತ ಎಂದೆನಲ್ಲ, ಅದು ಬದಲಾಗತೊಡಗಿದ್ದು 1881ರಲ್ಲಿ. ಆ ಮಾರ್ಚಿನಲ್ಲಿ ರಾಜ್ಯ ಚಾಮರಾಜ ಒಡೆಯರ ಕೈಗೆ ಬಂತು. ದಿವಾನ್ ರಂಗಾಚಾರ್ಲು ಅದೇ ವರ್ಷದ ಅಕ್ಟೋಬರ್ 7ರಂದು, ದಸರೆಯ ವೇಳೆಗೆ, ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. ಸಂಸ್ಥಾನದ ಮೂಲೆಮೂಲೆಯಿಂದ ಆರಿಸಿ ಕರೆಸಿದ 144 ಮಂದಿ ರೈತರು, ವರ್ತಕರು ಬಂದು ಕೂತರು. ಓಟು ಹಾಕಿ ಆರಿಸಿದವರಲ್ಲ, ಕಾನೂನು ಮಾಡುವ ಅಧಿಕಾರವೂ ಅವರಿಗಿರಲಿಲ್ಲ. ಆದರೆ ಕೆರೆ ಯಾಕೆ ಹೂಳೆತ್ತಿಲ್ಲ, ರಸ್ತೆ ಯಾಕೆ ಹಾಳಾಗಿದೆ, ನಮ್ಮ ಹೊಲಕ್ಕೆ ಇಷ್ಟು ಕಂದಾಯ ಯಾಕೆ ಎಂದು ದಿವಾನರನ್ನೇ ಎದ್ದು ನಿಂತು ಕೇಳಬಹುದಿತ್ತು, ಕೇಳಿದರು ಕೂಡ.